ಟವೆಲ್ ಎಸೆಯುವವರು ಯಾರು?

ಪ್ರಶ್ನೆ: ನನ್ನ ಮಗಳು ಸಿಎ ಇಂಟರ್ ಪರೀಕ್ಷೆಯಲ್ಲಿ ಎರಡನೇ ಸಲವೂ ಪಾಸಾಗಲಿಲ್ಲ. ಈಗ ಪುಸ್ತಕ ಮುಟ್ಟುತ್ತಿಲ್ಲ, ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ. ಕೋಚಿಂಗ್ ಕ್ಲಾಸಿನ ಮೇಷ್ಟ್ರು ಅವಳಿಗೆ ‘ಡೋಂಟ್ ಥ್ರೋ ಇನ್ ದ ಟವೆಲ್’ ಅಂತ ಮೆಸೇಜ್ ಕಳಿಸಿದ್ದಾರೆ. ‘ಸೋಲು ಒಪ್ಪಿಕೋಬೇಡ’ ಅಂತ ಅರ್ಥವಂತೆ, ಮಗಳೇ ಹೇಳಿದಳು. ಸೋಲಿಗೂ ಟವೆಲ್ಲಿಗೂ ಏನು ಸಂಬಂಧ ಸಾರ್? ಸ್ವಲ್ಪ ವಿವರವಾಗಿ ತಿಳಿಸಿ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗಳು ಹೇಳಿದ ಅರ್ಥ ಸರಿಯಾಗಿದೆ ಅಮ್ಮಾ. ‘ಇನ್ನು ನನ್ನ ಕೈಲಿ ಆಗಲ್ಲ’ ಎಂದು ನಡುವೆಯೇ ಕೈಚೆಲ್ಲುವುದಕ್ಕೆ ಇಂಗ್ಲಿಷಿನಲ್ಲಿ ಹೀಗೆ ಹೇಳುತ್ತಾರೆ. ಶುರು ಮಾಡುವ ಮೊದಲೇ ಹಿಂದೆ ಸರಿದವರಿಗೆ ಈ ಮಾತು ಹೊಂದುವುದಿಲ್ಲ. ಸಾಕಷ್ಟು ಗುದ್ದಾಡಿ, ಪೆಟ್ಟು ತಿಂದು, ಆಮೇಲೆ ಬಿಟ್ಟವರಿಗೆ ಮಾತ್ರ. ಎರಡು ಸಲ ಪರೀಕ್ಷೆಗೆ ಕೂತ ಹುಡುಗಿಗೆ ಮೇಷ್ಟ್ರು ಈ ಮಾತು ಆರಿಸಿದ್ದು ಆ ಲೆಕ್ಕದಲ್ಲಿ ಸರಿಯೇ.

ಈಗ ಟವೆಲ್ ವಿಷಯ. ಇದು ಬಾಕ್ಸಿಂಗ್ ರಿಂಗಿನಿಂದ ಬಂದದ್ದು. ನಾನು ಪತ್ರಿಕೆಯ ಕ್ರೀಡಾ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ಬಾಕ್ಸಿಂಗ್ ಇದ್ದಾಗ ವರದಿಗೆ ಹೋಗುತ್ತಿದ್ದೆ. ಪ್ರೆಸ್‌ನವರ ಕುರ್ಚಿ ಬಿಟ್ಟು ರಿಂಗಿನ ಮೂಲೆ ಹತ್ತಿರ ಹೋಗಿ ನಿಲ್ಲುವುದು ನನ್ನ ಅಭ್ಯಾಸ. ಆಟದ ಅರ್ಧ ಕಥೆ ಅಲ್ಲೇ ನಡೆಯುವುದು. ರೌಂಡ್ ಮುಗಿದ ಗಂಟೆ ಹೊಡೆದ ಕೂಡಲೇ ಹಗ್ಗದ ಸಂದಿಯಿಂದ ಸ್ಟೂಲ್ ಒಳಗೆ ಹೋಗುತ್ತದೆ. ಹುಡುಗ ಬಂದು ಕುಕ್ಕರಿಸುತ್ತಾನೆ. ಬಾಯಿಂದ ಮೌತ್‌ಗಾರ್ಡ್ ತೆಗೆದು ನೀರಲ್ಲಿ ಅದ್ದುತ್ತಾರೆ. ಒಂದು ಗುಟುಕು ನೀರು, ಮುಕ್ಕಳಿಸಿ ಬಕೆಟ್ಟಿಗೆ ಉಗಿಯುವುದು, ಹುಬ್ಬಿನ ಮೇಲೆ ಒಂದಿಷ್ಟು ವ್ಯಾಸಲೀನ್. ಉಸಿರು ಸಲೀಸಾಗಲಿ ಅಂತ ಒಬ್ಬರು ಚಡ್ಡಿಯ ಎಲಾಸ್ಟಿಕ್ ಎಳೆದು ಹಿಡಿಯುತ್ತಾರೆ. ಇನ್ನೊಬ್ಬರು ಟವೆಲ್ ಬೀಸಿ ಗಾಳಿ ಹಾಕುತ್ತಾರೆ. ಇಷ್ಟೂ ಒಂದೇ ನಿಮಿಷದಲ್ಲಿ ಮುಗಿಯಬೇಕು. ಮತ್ತೆ ಗಂಟೆ ಹೊಡೆದರೆ ಟವೆಲ್ ಕೋಚ್ ಹೆಗಲಿಗೆ. ಹುಡುಗನಿಗೆ ಪೆಟ್ಟು ಮಿತಿಮೀರಿತು, ಇನ್ನು ಸಾಕು ಅನ್ನಿಸಿದರೆ ಕೋಚ್ ಆ ಟವೆಲನ್ನು ರಿಂಗಿನೊಳಗೆ ಎಸೆಯುತ್ತಾರೆ. ರೆಫರಿ ಪಂದ್ಯ ನಿಲ್ಲಿಸುತ್ತಾರೆ. ನಮ್ಮ ಹುಡುಗ ಸೋತ ಅಂತ ಒಪ್ಪಿಕೊಂಡ ಹಾಗೆ.

ಗಮನಿಸಿದಿರಾ? ಟವೆಲ್ ಎಸೆದದ್ದು ಬಾಕ್ಸರ್ ಅಲ್ಲ. ಅವನ ಎರಡು ಕೈಗೂ ಗ್ಲೌಸ್ ಕಟ್ಟಿರುತ್ತದೆ. ಎಸೆಯುವವರು ಅವನ ಕಡೆಯವರು, ಮೂಲೆಯಲ್ಲಿ ನಿಂತವರು. ಈ ಮಾತು ಹುಟ್ಟಿದ ಜಾಗದಲ್ಲಿ ಅದಕ್ಕೆ ಎದೆಗುಂದುವುದು ಅನ್ನುವ ಅರ್ಥವೇ ಇರಲಿಲ್ಲ. ಒಬ್ಬನ ಜೀವ ಕಾಯಲಿಕ್ಕೆ ಇನ್ನೊಬ್ಬ ತೆಗೆದುಕೊಳ್ಳುವ ನಿರ್ಧಾರ ಅದು. ಈ ಪ್ರಶ್ನೆಗೆ ನಾನು ಇಷ್ಟುದ್ದ ಬರೆಯಲು ಕಾರಣವೂ ಇದೇ.

ಇಂಗ್ಲೆಂಡಿನಲ್ಲಿ 18ನೇ ಶತಮಾನದಲ್ಲಿ ಬರಿಗೈಯಲ್ಲೇ ಗುದ್ದಾಡುತ್ತಿದ್ದರು. ಜನ ಬಾಜಿ ಕಟ್ಟುತ್ತಿದ್ದರು. ಆ ಆಟಕ್ಕೆ 1743ರಲ್ಲಿ ಜ್ಯಾಕ್ ಬ್ರೌಟನ್ ಎಂಬ ಪೈಲ್ವಾನ್ ಮೊದಲ ಸಲ ಲಿಖಿತ ನಿಯಮ ಮಾಡಿದ. ಅಖಾಡದ ನಡುವೆ ಸೀಮೆಸುಣ್ಣದಲ್ಲಿ ಒಂದು ಗಜದ ಚೌಕ ಬರೆಯಬೇಕು. ಯಾರಾದರೂ ಬಿದ್ದರೆ ರೌಂಡ್ ಮುಗಿದಂತೆ. ಬಿದ್ದವನು ಅರ್ಧ ನಿಮಿಷದಲ್ಲಿ ಎದ್ದು ಆ ಗೆರೆಗೆ ಬಂದು ನಿಲ್ಲಬೇಕು. ಸೋಲು ಅಂತ ಲೆಕ್ಕ ಆಗುವುದು ಎರಡೇ ರೀತಿಯಲ್ಲಿ. ಹೊತ್ತಿಗೆ ಸರಿಯಾಗಿ ಅವನು ಗೆರೆಗೆ ಬರದಿದ್ದರೆ, ಇಲ್ಲವೇ ಅವನದೇ ‘ಸೆಕೆಂಡ್’ ಇವನು ಸೋತ ಎಂದು ಹೇಳಿದರೆ. ಸೆಕೆಂಡ್ ಅಂದರೆ ಪೈಲ್ವಾನನ ಜೊತೆಗೆ ನಿಲ್ಲುವ ಅವನ ಕಡೆಯ ಮನುಷ್ಯ. ಇವತ್ತಿಗೂ ಬಾಕ್ಸಿಂಗಿನಲ್ಲಿ ಅದೇ ಹೆಸರು. ಟವೆಲ್ ಬರುವುದಕ್ಕೆ ನೂರೈವತ್ತು ವರ್ಷ ಮೊದಲೇ ಸೋಲನ್ನು ಹೇಳುವ ಅಧಿಕಾರ ಇವನ ಕೈಗೆ ಬಂದಾಗಿತ್ತು.

ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ. ನನಗೆ ತುಂಬಾ ಇಷ್ಟವಾದದ್ದು. ಒಬ್ಬನ ಸೆಕೆಂಡ್ ಎದುರಾಳಿಯನ್ನು ಮಾತಾಡಿಸುವಂತಿಲ್ಲ, ‘ಸಾಕು ಬಿಟ್ಟುಬಿಡು’ ಅಂತ ಅವನಿಗೆ ಬುದ್ಧಿ ಹೇಳುವಂತಿಲ್ಲ. ನಮಗೆ ಕುರುಕ್ಷೇತ್ರದ ದ್ರೋಣರು ನೆನಪಾಗುತ್ತಾರೆ ಅಲ್ವಾ? ಗುದ್ದಾಡಿ ಅವರನ್ನು ಸೋಲಿಸಲಾಗಲಿಲ್ಲ. ಅಶ್ವತ್ಥಾಮ ಸತ್ತ ಅನ್ನುವ ಸುದ್ದಿ ಎದುರು ಪಕ್ಷದಿಂದ ಕಿವಿಗೆ ಬಿತ್ತು, ಬಿಲ್ಲು ಕೆಳಗಿಟ್ಟರು. ‘ಶಸ್ತ್ರಸಂನ್ಯಾಸ’ ಅಂತ ನಾವು ಇವತ್ತೂ ರಾಜಕೀಯದ ಸುದ್ದಿಗೆಲ್ಲ ಬಳಸುತ್ತೇವೆ. ಎದುರಿನವನು ಕುಗ್ಗಿಸಲಿಕ್ಕೆ ಹೇಳುವ ‘ಬಿಟ್ಟುಬಿಡು’ ಬೇರೆ, ನಮ್ಮವರು ನಮ್ಮನ್ನು ನೋಡಿಕೊಂಡು ಹೇಳುವ ‘ಸಾಕು’ ಬೇರೆ. 1743ರಲ್ಲಿ ಆ ಪೈಲ್ವಾನ್ ಈ ವ್ಯತ್ಯಾಸ ಗುರುತಿಸಿ ನಿಯಮವನ್ನೇ ಮಾಡಿದ.

ಆ ಕಾಲದಲ್ಲಿ ಎಸೆಯುತ್ತಿದ್ದದ್ದು ಟವೆಲ್ ಅಲ್ಲ, ಸ್ಪಂಜು. ಪೈಲ್ವಾನನ ಮುಖದ ರಕ್ತ ಒರೆಸಲಿಕ್ಕೆ ಇಟ್ಟಿರುತ್ತಿದ್ದ ಸ್ಪಂಜನ್ನೇ ಮೇಲಕ್ಕೆ ತೂರಿದರೆ ಆಟ ಮುಗಿಯಿತು ಅಂತ ಸುತ್ತಲಿನ ಜನಕ್ಕೆಲ್ಲ ಗೊತ್ತಾಗುತ್ತಿತ್ತು. 1860ರಲ್ಲಿ ಲಂಡನ್ನಿನಲ್ಲಿ ಬಂದ ಆಡುಮಾತಿನ ನಿಘಂಟಿನಲ್ಲಿ ‘ಥ್ರೋ ಅಪ್ ದ ಸ್ಪಂಜ್’ ಅನ್ನುವುದಕ್ಕೆ ಸೋಲೊಪ್ಪು ಎಂಬ ಅರ್ಥವೇ ಇದೆ. ಅದೇ ವರ್ಷ ಏಪ್ರಿಲ್ 17ರಂದು ಫಾರ್ನ್‌ಬರೋ ಊರಿನ ಬಯಲಲ್ಲಿ ಇಂಗ್ಲೆಂಡಿನ ಟಾಮ್ ಸೇಯರ್ಸ್, ಅಮೆರಿಕದ ಜಾನ್ ಹೀನನ್ ಎರಡು ಗಂಟೆಗೂ ಮಿಕ್ಕಿ ಬರಿಗೈಯಲ್ಲಿ ಹೊಡೆದಾಡಿದರು. ಸೇಯರ್ಸ್‌ನ ಬಲಗೈಗೆ ಬೇಗನೇ ಪೆಟ್ಟಾಯಿತು. ಆಮೇಲೆ ಪಂದ್ಯ ನಡೆಸಿದ್ದೆಲ್ಲ ಎಡಗೈಯಲ್ಲೇ ಅನ್ನಬೇಕು. ಹೀನನ್‌ನ ಕಣ್ಣು ಊದಿ ಮುಚ್ಚುತ್ತಾ ಬಂದವು. ಎರಡೂ ಕಡೆಯಿಂದ ಸ್ಪಂಜು ಮೇಲೇಳಲಿಲ್ಲ. ಕೊನೆಗೆ ಜನ ನುಗ್ಗಿ, ಪೊಲೀಸರು ಬಂದು, ಪಂದ್ಯ ಚೆಲ್ಲಾಪಿಲ್ಲಿಯಾಗಿ ಡ್ರಾ ಆಯಿತು.

1867ರಲ್ಲಿ ಕ್ವೀನ್ಸ್‌ಬೆರಿ ನಿಯಮಗಳು ಬಂದವು. ಬರೆದವನು ಜಾನ್ ಗ್ರಹಾಂ ಚೇಂಬರ್ಸ್, ಹೆಸರು ಕೊಟ್ಟವನು ಮಾರ್ಕ್ವಿಸ್ ಆಫ್ ಕ್ವೀನ್ಸ್‌ಬೆರಿ. ಗ್ಲೌಸ್, ಮೂರು ನಿಮಿಷದ ರೌಂಡ್, ಒಂದು ನಿಮಿಷದ ಬಿಡುವು, ಬಿದ್ದವನಿಗೆ ಏಳಲು ಹತ್ತು ಸೆಕೆಂಡ್ ಸಮಯ ಎಲ್ಲ ಇದರಲ್ಲೇ ಬಂದದ್ದು. ಸ್ಪಂಜು ಹೋಗಿ ಟವೆಲ್ ಬಂದದ್ದು 20ನೇ ಶತಮಾನದ ಶುರುವಿನಲ್ಲಿ, ಅಮೆರಿಕದ ಪತ್ರಿಕೆಗಳ ಬಾಕ್ಸಿಂಗ್ ವರದಿಗಳಲ್ಲಿ. ಅಲ್ಲಿಂದ ಅದು ದಿನದ ಮಾತಾಯಿತು.

ಟವೆಲ್ ಎಸೆದರೆ ಪಂದ್ಯ ನಿಂತೇಬಿಡುತ್ತದೆ ಅಂತ ಎಲ್ಲ ಕಡೆ ಹೇಳುವಂತಿಲ್ಲ. 1938ರ ಜೂನ್ 22ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಜೋ ಲೂಯಿಸ್ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನನ್ನು ಮೊದಲ ರೌಂಡಿನಲ್ಲೇ ಮೂರು ಸಲ ಕೆಡವಿದ. ಶ್ಮೆಲಿಂಗ್ ಕಡೆಯ ಮ್ಯಾಕ್ಸ್ ಮ್ಯಾಕೋನ್ ಟವೆಲ್ ಎಸೆದ. ನ್ಯೂಯಾರ್ಕಿನಲ್ಲಿ ಆಗ ಟವೆಲ್ಲಿಗೆ ಮಾನ್ಯತೆ ಇರಲಿಲ್ಲ. ರೆಫರಿ ಆರ್ಥರ್ ಡೊನೊವನ್ ಅದನ್ನು ಎತ್ತಿ ಹಗ್ಗದ ಕಡೆಗೆ ಬಿಸಾಡಿದ. ಶ್ಮೆಲಿಂಗ್‌ನ ಸ್ಥಿತಿ ನೋಡಿ ಮರುಕ್ಷಣ ತಾನೇ ಪಂದ್ಯ ನಿಲ್ಲಿಸಿದ. ಒಟ್ಟು 124 ಸೆಕೆಂಡಿನ ಪಂದ್ಯ. ಅಮೆಚೂರ್ ಬಾಕ್ಸಿಂಗಿನಲ್ಲಿ ಟವೆಲ್ ಎಸೆಯಬಹುದು, ಆದರೆ ಬಿದ್ದವನು ಏಳುತ್ತಾನಾ ಅಂತ ರೆಫರಿ ಹತ್ತರ ತನಕ ಎಣಿಸುತ್ತಿರುವಾಗ ಎಸೆಯುವಂತಿಲ್ಲ.

ಟವೆಲ್ ಇಲ್ಲದೆಯೂ ಇದೇ ಕೆಲಸ ನಡೆದ ಒಂದು ಪಂದ್ಯವನ್ನು ನಿಮಗೆ ಹೇಳಲೇಬೇಕು. 1975ರ ಅಕ್ಟೋಬರ್ 1, ಫಿಲಿಪ್ಪೀನ್ಸ್. ಮನಿಲಾ ಪಕ್ಕದ ಕ್ವಿಜಾನ್ ಸಿಟಿಯಲ್ಲಿ ಮೊಹಮ್ಮದ್ ಅಲಿ, ಜೋ ಫ್ರೇಜಿಯರ್ ನಡುವೆ ಮೂರನೇ ಪಂದ್ಯ. ಹದಿನೈದು ರೌಂಡಿನದು. ಸೆಕೆಯಲ್ಲಿ ಇಬ್ಬರೂ ಬೆಂದುಹೋಗಿದ್ದರು. ಫ್ರೇಜಿಯರ್‌ಗೆ ಮೊದಲಿಂದಲೂ ಎಡಗಣ್ಣು ಅಷ್ಟಕ್ಕಷ್ಟೇ. ಅದನ್ನು ಆತ ಹೊರಗೆ ಹೇಳಿರಲಿಲ್ಲ. ಅವತ್ತು ಬಲಗಣ್ಣೂ ಊದಿ ಮುಚ್ಚುತ್ತಾ ಬಂತು. ಹದಿಮೂರು, ಹದಿನಾಲ್ಕನೇ ರೌಂಡಿನಲ್ಲಿ ಅಲಿಯ ಬಲಗೈ ಬರುವುದೇ ಅವನಿಗೆ ಕಾಣುತ್ತಿರಲಿಲ್ಲ. ಹದಿನಾಲ್ಕು ಮುಗಿಸಿ ಬಂದು ಸ್ಟೂಲಿನ ಮೇಲೆ ಕೂತ. ಕೋಚ್ ಎಡ್ಡಿ ಫಚ್ ರಿಂಗಿನಲ್ಲಿ ಬಾಕ್ಸರುಗಳು ಸತ್ತದ್ದನ್ನು ಕಂಡ ಮನುಷ್ಯ. ಸಾಕು ಅಂತ ಆಗಲೇ ತೀರ್ಮಾನಿಸಿದ್ದರು. ಫ್ರೇಜಿಯರ್ ಏಳಲು ಹೋದ, ಬೇಡ ಬೇಡ ಅಂದ, ಉಳಿದಿರುವುದು ಮೂರೇ ನಿಮಿಷ. ಫಚ್ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: ‘ಕೂತ್ಕೋ ಮಗ, ಮುಗೀತು. ನೀನಿವತ್ತು ಇಲ್ಲಿ ಮಾಡಿದ್ದನ್ನು ಯಾರೂ ಮರೆಯಲ್ಲ.’ ಪಂದ್ಯ ನಿಲ್ಲಿಸುವಂತೆ ರೆಫರಿಗೆ ತಿಳಿಸಿದರು. ಗೆದ್ದ ಅಲಿ ಆಮೇಲೆ, ನನಗೆ ಗೊತ್ತಿರುವ ಮಟ್ಟಿಗೆ ಸಾವಿಗೆ ತೀರಾ ಹತ್ತಿರದ್ದು ಇದೇ ಎಂದ.

ಫಚ್ ಆಡಿದ ಆ ಮಾತನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸೋಲು ಹೇಳುವಾಗಲೂ ಮಾಡಿದ ಕೆಲಸವನ್ನು ಹೊಗಳಿದರು. ಕುಗ್ಗಿಸುವ ಒಂದು ಪದ ಅದರಲ್ಲಿಲ್ಲ.

ತಮ್ಮ ಕಡೆಯವರೇ ಪಂದ್ಯ ನಿಲ್ಲಿಸಿದ್ದನ್ನು ಎಲ್ಲರೂ ಸಮಾಧಾನದಿಂದ ತೆಗೆದುಕೊಳ್ಳುವುದಿಲ್ಲ. 2020ರ ಫೆಬ್ರವರಿ 22ರಂದು ಲಾಸ್ ವೇಗಸ್‌ನಲ್ಲಿ ಟೈಸನ್ ಫ್ಯೂರಿ ಎದುರು ಡಿಯಾಂಟೆ ವೈಲ್ಡರ್ ಏಳನೇ ರೌಂಡಿನಲ್ಲಿ ಪೆಟ್ಟು ತಿನ್ನುತ್ತಿದ್ದ, ಕಿವಿಯಿಂದ ರಕ್ತ ಬರುತ್ತಿತ್ತು. ಅವನ ಕಡೆಯ ಮಾರ್ಕ್ ಬ್ರೀಲ್ಯಾಂಡ್ ಟವೆಲ್ ಎಸೆದ. ಬ್ರೀಲ್ಯಾಂಡ್ ಸುಮ್ನೆ ಯಾರೋ ಅಲ್ಲ, 1984ರ ಒಲಿಂಪಿಕ್ಸ್ ಚಿನ್ನ ಗೆದ್ದವನು. ವೈಲ್ಡರ್‌ಗೆ ಸಿಟ್ಟು ಬಂತು. ಕೊನೆ ಉಸಿರಿನ ತನಕ ಆಡುತ್ತಿದ್ದೆ ಅನ್ನುವ ಧಾಟಿಯಲ್ಲಿ ಮಾತಾಡಿದ, ಬ್ರೀಲ್ಯಾಂಡ್‌ನನ್ನು ತಂಡದಿಂದಲೇ ತೆಗೆದ. ನನ್ನ ಪ್ರಕಾರ ಬ್ರೀಲ್ಯಾಂಡ್ ಮಾಡಿದ್ದು ನೂರಕ್ಕೆ ನೂರು ಸರಿ. ವೈಲ್ಡರ್ ಆಮೇಲೂ ರಿಂಗಿಗೆ ಇಳಿದ. ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ಅವರಿಗೆ ಆ ಭಾಗ್ಯ ಇರಲಿಲ್ಲ. 1982ರ ನವೆಂಬರ್‌ನಲ್ಲಿ ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೇ ರೌಂಡಿನವರೆಗೂ ನಿಂತು ಬಿದ್ದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದಾದ ಮೇಲೆ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ಹದಿನೈದು ರೌಂಡನ್ನು ಹನ್ನೆರಡಕ್ಕೆ ಇಳಿಸಿತು.

ಇನ್ನು ನಿಮ್ಮ ಮಗಳ ವಿಷಯ. ಮೇಷ್ಟ್ರ ಮನಸ್ಸು ಒಳ್ಳೆಯದೇ. ಆದರೆ ಟವೆಲ್ ಆಡುವವಳ ಕೈಲಿಲ್ಲ, ನಿಮ್ಮ ಹೆಗಲ ಮೇಲಿದೆ. ಹಾಗಂತ ಈಗಲೇ ಎಸೆಯಿರಿ ಅಂತ ನಾನು ಹೇಳುತ್ತಿಲ್ಲ. ಸಿಎ ಇಂಟರ್ ಮತ್ತೆ ಬರೆಯಬಹುದು, ಎರಡು ಗ್ರೂಪನ್ನೂ ಒಟ್ಟಿಗೇ ಬರೆಯಬೇಕಂತಲೂ ಇಲ್ಲ. ಒಂದೊಂದೇ ಗ್ರೂಪ್ ಕಟ್ಟಿ ಮುಗಿಸಿದವರು ಎಷ್ಟೋ ಜನ ಇದ್ದಾರೆ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಊಟ ಬಿಟ್ಟಿದ್ದಾಳೆ ಅನ್ನುವ ಸಾಲು. ಮೊದಲು ಆ ಸ್ಟೂಲು, ಆ ಗುಟುಕು ನೀರು. ಸ್ವಲ್ಪ ದಿನ ಪರೀಕ್ಷೆ ಮಾತೇ ಬೇಡ. ಪಕ್ಕದ ಮನೆಯವರು, ನೆಂಟರು ‘ಅದೆಲ್ಲ ಯಾಕೆ, ಬಿಟ್ಟುಬಿಡು’ ಅಂತ ಅವಳ ಕಿವಿಗೆ ಹಾಕದಂತೆ ನೋಡಿಕೊಳ್ಳಿ. ವಾರಗಟ್ಟಲೆ ನಿದ್ದೆ, ಊಟ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ತಡ ಮಾಡಬೇಡಿ.

ಬಳಸುವ ಕ್ರಮವನ್ನೂ ಹೇಳಿಬಿಡುತ್ತೇನೆ. ‘ಇನ್’ ಬಿಡುವಂತಿಲ್ಲ, ‘ದ’ ಬಿಡುವಂತಿಲ್ಲ. ‘ಥ್ರೋ ಎ ಟವೆಲ್’ ಅಂದರೆ ನಿಜವಾಗಿ ಒಂದು ಟವೆಲ್ ಎಸೆದ ಅಂತಲೇ ಆಗುತ್ತದೆ. ನಡೆದುಹೋದ ಸಂಗತಿಗೆ ‘ಥ್ರೂ ಇನ್ ದ ಟವೆಲ್’. ಹತ್ತು ಜನ ಸೇರಿ ಕೈಚೆಲ್ಲಿದರೂ ಟವೆಲ್ ಒಂದೇ.

ಪ್ರಶ್ನೆ: ಮಳೆಯಲ್ಲಿ ಬೆಟ್ಟ ಹತ್ತುವುದು ಬೇಡ, ಜಾರುತ್ತದೆ ಅಂದೆ. ಅಷ್ಟಕ್ಕೇ ಗೆಳತಿಯರು ನನ್ನನ್ನು ‘ವೆಟ್ ಬ್ಲ್ಯಾಂಕೆಟ್’ ಅಂದರು. ಇದು ಬೈಗುಳವಾ? ಒದ್ದೆ ಕಂಬಳಿ ಯಾಕೆ?
— ಕಾಲೇಜು ವಿದ್ಯಾರ್ಥಿನಿ, ಶಿರಸಿ

ಉತ್ತರ: ಬೈಗುಳ ಅಲ್ಲ, ಚುಚ್ಚು ಮಾತು. ಎಲ್ಲರೂ ಖುಷಿಯಲ್ಲಿರುವಾಗ ಅದಕ್ಕೆ ತಣ್ಣೀರೆರಚುವವರಿಗೆ ಹೀಗೆ ಅನ್ನುತ್ತಾರೆ. ಹಿಂದೆ ಬೆಂಕಿ ಆರಿಸಲಿಕ್ಕೆ ಒದ್ದೆ ಕಂಬಳಿ ಹೊದಿಸುತ್ತಿದ್ದರು. ಬಟ್ಟೆ ಗಾಳಿಯನ್ನು ತಡೆಯುತ್ತದೆ, ಅದರಲ್ಲಿರುವ ನೀರು ಕಾವು ಇಳಿಸುತ್ತದೆ. ಮನುಷ್ಯರಿಗೆ ಈ ಹೆಸರು ಅಂಟಿದ್ದು 19ನೇ ಶತಮಾನದಲ್ಲಿ. ನಮ್ಮ ಅಗ್ನಿಶಾಮಕ ದಳದವರು ಶಾಲೆಗಳಿಗೆ ಬಂದು ತೋರಿಸುವುದನ್ನು ನೀವು ನೋಡಿರಬಹುದು. ಗ್ಯಾಸ್ ಸಿಲಿಂಡರಿನ ಬಾಯಿಗೆ ಬೆಂಕಿ ಹಚ್ಚಿ, ಒದ್ದೆ ಗೋಣಿಚೀಲ ಸುತ್ತಿ ಆರಿಸುತ್ತಾರೆ. ಅದೇ ವಿದ್ಯೆ. ಆದರೆ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ, ಸ್ಟೌವ್ ಆರಿಸಿ ಮುಚ್ಚಳ ಮುಚ್ಚಿ.

ನಿಮ್ಮ ಗೆಳತಿಯರಿಗೆ ಒಂದು ಮಾತು. ಶಿರಸಿ ಕಡೆಯ ಮಳೆಗಾಲದಲ್ಲಿ ಬಂಡೆಯ ಮೇಲೆ ಹಾವಸೆ ಕಟ್ಟಿರುತ್ತದೆ, ದಾರಿ ತುಂಬ ಉಂಬಳ. ಬೇಡ ಅಂದವಳು ಸರಿಯಾಗೇ ಹೇಳಿದ್ದಾಳೆ. ಜನವರಿಯಲ್ಲಿ ಹೋಗಿ ಬನ್ನಿ.

ಪ್ರಶ್ನೆ: ‘ಸೇವ್ಡ್ ಬೈ ದ ಬೆಲ್’ ಅನ್ನೋ ಮಾತು ಶವಪೆಟ್ಟಿಗೆಗೆ ಕಟ್ಟುತ್ತಿದ್ದ ಗಂಟೆಯಿಂದ ಬಂತಂತೆ. ಜೀವಂತ ಹೂತವನು ಹಗ್ಗ ಎಳೆದು ಗಂಟೆ ಬಾರಿಸುತ್ತಿದ್ದನಂತೆ. ನಿಜವಾ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಅಂಥ ಪೆಟ್ಟಿಗೆಗಳನ್ನು 19ನೇ ಶತಮಾನದಲ್ಲಿ ಯೂರೋಪ್, ಅಮೆರಿಕದಲ್ಲಿ ಕೆಲವರು ಮಾಡಿದ್ದು ನಿಜ, ಪೇಟೆಂಟ್ ಕೂಡ ಪಡೆದಿದ್ದರು. ಆದರೆ ಮಾತು ಬಂದದ್ದು ಅಲ್ಲಿಂದಲ್ಲ. ಇದೂ ಬಾಕ್ಸಿಂಗಿನದೇ. ಮೇಲೆ ಟವೆಲ್ ಬಗ್ಗೆ ಬರೆದ ಉತ್ತರ ಓದಿದರೆ ಕಾರಣ ಸಿಗುತ್ತದೆ. ಹಳೇ ಆಟದಲ್ಲಿ ಒಬ್ಬ ಬಿದ್ದರೇನೇ ರೌಂಡ್ ಮುಗಿಯುತ್ತಿತ್ತು. ಅಲ್ಲಿ ಗಂಟೆಗೆ ಕೆಲಸವೇ ಇರಲಿಲ್ಲ. ಮೂರು ನಿಮಿಷದ ರೌಂಡ್ ಬಂದ ಮೇಲೆ ಹೊತ್ತು ಮುಗಿದದ್ದನ್ನು ಗಂಟೆ ಹೊಡೆದು ಹೇಳಬೇಕಾಯಿತು. ರೆಫರಿ ಆರೋ ಏಳೋ ಎಣಿಸುತ್ತಿರುವಾಗ ಗಂಟೆ ಹೊಡೆದರೆ ಬಿದ್ದವನು ಬಚಾವ್. ಎಳೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿ ಮುಖಕ್ಕೆ ನೀರು ಹಾಕುತ್ತಿದ್ದರು. ಅಮೆರಿಕದಲ್ಲಿ ಈಗ ಪಾಲಿಸುವ ಏಕರೂಪ ನಿಯಮದಲ್ಲಿ ಈ ಸವಲತ್ತು ಯಾವ ರೌಂಡಿನಲ್ಲೂ ಇಲ್ಲ. ಗಂಟೆ ಹೊಡೆದರೂ ಎಣಿಕೆ ಮುಂದುವರಿಯುತ್ತದೆ. ಹತ್ತರೊಳಗೆ ಏಳದಿದ್ದರೆ ಸೋತ ಅಂತಲೇ ಲೆಕ್ಕ.